ಮೂಲೆಯಲ್ಲಿ ಉಳಿದ ಕೆಂಪು

ಪರದೆಯ ಮೇಲಿನ ಪೆಟ್ಟಿಗೆ ಉಳಿದೆಲ್ಲ ಕಡೆ ಹಸಿರಾಗಿತ್ತು. ನಾಲ್ಕು ಒಳಮೂಲೆಗಳಲ್ಲಿ ಮಾತ್ರ ಕೆಂಪು ಹೋಗಿರಲಿಲ್ಲ. ಚೇತನ ಮತ್ತೊಮ್ಮೆ ಲೆಕ್ಕ ಓಡಿಸಿದ. ಯಂತ್ರ ಇನ್ನೂ ಮುಟ್ಟದ ಅಲ್ಯೂಮಿನಿಯಂ ತುಂಡನ್ನು ಈ ಸಾಫ್ಟ್‌ವೇರು ಮೊದಲೇ ಕೊರೆದು ತೋರಿಸುತ್ತದೆ. ತಿರುಗುವ ಕಟರ್ ಹೋಗಿಬರಬಲ್ಲ ಜಾಗಕ್ಕೆ ಹಸಿರು, ಹೋಗಲಾಗದೆ ಲೋಹ ಉಳಿದುಬಿಡುವ ಜಾಗಕ್ಕೆ ಕೆಂಪು. ಎರಡನೆಯ ಸಲವೂ ಅದೇ ಕೆಂಪು, ಅಷ್ಟೇ ಕೆಂಪು. ಕೇಳಿದ್ದಕ್ಕೆ ಉತ್ತರ ಹೇಳಿ ಸುಮ್ಮನೆ ಕುಳಿತವರ ಹಾಗೆ ಅದು ಕುಳಿತಿತ್ತು. ನಿನ್ನೆ ಇದೇ ಕುರ್ಚಿಯಲ್ಲಿ ಕುಳಿತು ಅವನು ಜ್ಯೋತ್ಸ್ನಾಗೆ ಫೋನಿನಲ್ಲಿ "ಆಗತೈತಿ, ಯಾಕ ಆಗೂದಿಲ್ಲ" ಎಂದಿದ್ದ. ಮೂವತ್ತು ದಾಟದ ಹುಡುಗಿ ಅವಳು; ಹಸುಗೂಸಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂದು ಹುಟ್ಟಿದ ವಾರದಲ್ಲೇ ನೋಡಿ ಹೇಳುವ ಒಂದು ಪುಟ್ಟ ಯಂತ್ರ ಮಾಡುತ್ತಿದ್ದಳು. ಅದರ ಸರ್ಕಿಟ್ ಹಲಗೆ ಕೂರುವುದಕ್ಕೆ ಈ ಪೆಟ್ಟಿಗೆ. ನಾಳೆ ಬೆಳಿಗ್ಗೆ ಅವಳು ಅದನ್ನು ಒಂದು ಆಸ್ಪತ್ರೆಗೆ ಒಯ್ಯಬೇಕು, ಅಲ್ಲಿ ಮೊದಲ ಪರೀಕ್ಷೆ. "ಒಳಗಿನ ಕಾರ್ನರ್ ಎಲ್ಲ ಶಾರ್ಪ್ ಬೇಕು ಅಂಕಲ್, ಹೋ ಜಾಯೇಗಾ ನಾ?" ಎಂದು ಎರಡು ಸಲ ಕೇಳಿದ್ದಳು. ಎರಡು ಸಲವೂ ಆಗುತ್ತದೆ ಎಂದಿದ್ದ. ಹಾಗೆನ್ನುವಾಗಲೇ ಎದೆಯೊಳಗೆ ಒಂದು ಸಣ್ಣ ಕಲ್ಲು ಉರುಳಿದ್ದು ಈಗ ನೆನಪಾಯಿತು.

ಮೂಲೆ ಚೌಕ, ಕಟರ್ ದುಂಡು. ವಿಷಯ ಇಷ್ಟೇ. ತಿರುಗುತ್ತ ಕೊರೆಯುವ ಯಾವ ಕಟರ್ ಆದರೂ ತನ್ನ ದುಂಡನ್ನು ಮೂಲೆಯಲ್ಲಿ ಬಿಟ್ಟೇ ಬರುತ್ತದೆ. ಅವ್ವ ಚನ್ನವ್ವ ಚೌಕ ಡಬ್ಬಿಯ ತಳದ ಬೆಲ್ಲಕ್ಕೆ ಸೌಟು ಹಾಕಿ, ಮೂಲೆಗೆ ಬಂದು ಸೌಟು ನಿಂತಾಗ ಅದನ್ನು ಬದಿಗಿಟ್ಟು ಬೆರಳು ಹಾಕುತ್ತಿದ್ದಳು. ಇಲ್ಲಿ ಹಾಕುವುದಕ್ಕೆ ಬೆರಳಿಲ್ಲ. ಸಪೂರ ಕಟರ್ ಆದರೆ ಉಳಿಯುವ ದುಂಡೂ ಸಣ್ಣದಾಗುತ್ತದೆ. ಆದರೆ ಪೆಟ್ಟಿಗೆ ಆಳ, ಡ್ರಾಯರಿನಲ್ಲಿದ್ದ ಸಪೂರ ಕಟರುಗಳೆಲ್ಲ ಗಿಡ್ಡ. ಒಂದೊಂದನ್ನೇ ಆರಿಸಿ ಕೊಟ್ಟಾಗ ಸಾಫ್ಟ್‌ವೇರು ಒಂದೊಂದನ್ನೇ ಒಳಗಿಳಿಸಿ ನೋಡಿ, ಕಟರನ್ನು ಕಚ್ಚಿಹಿಡಿದ ದಪ್ಪ ಹಿಡಿಕೆ ಪೆಟ್ಟಿಗೆಯ ಅಂಚಿಗೆ ತಾಗುವ ಜಾಗದಲ್ಲಿ ನಿಂತು, ಇದು ತಾಗುತ್ತದೆ ಎಂದು ತೋರಿಸಿ ಹಿಂದಿರುಗಿತ್ತು. ಉದ್ದವಿದ್ದದ್ದು ಪೆನ್ಸಿಲ್ ದಪ್ಪದ್ದು ಒಂದೇ. ಅದು ತಳದವರೆಗೂ ಇಳಿಯುತ್ತಿತ್ತು. ಮೂಲೆಯಲ್ಲಿ ಮಾತ್ರ ತನ್ನ ದುಂಡಿನಷ್ಟು ಬಿಟ್ಟು ಹೊರಡುತ್ತಿತ್ತು. ಒತ್ತಿ ಒಳಗೆ ನುಗ್ಗಿ ಗೋಡೆ ಕೆಡಿಸುವುದಿಲ್ಲ, ಆಯಿತೆಂದು ಹೇಳುವುದೂ ಇಲ್ಲ. ಆಗುವುದನ್ನೆಲ್ಲ ಮಾಡಿ, ಆಗದ್ದಕ್ಕೆ ಬಣ್ಣ ಹಚ್ಚಿಡುತ್ತದೆ. ಕಿಡಿ ಹಾರಿಸಿ ಮೂಲೆ ಬಿಡಿಸುವ ಬೇರೆ ಥರದ ಯಂತ್ರವಿದ್ದವರು ಸಾಕಿನಾಕಾದ ಕಡೆ ಇದ್ದರು, ಆದರೆ ಅವರಿಗೆ ಕೊಟ್ಟರೆ ವಾರ ಕಾಯಬೇಕು. ನಾಳೆ ಬೆಳಿಗ್ಗೆ ಎಂದರೆ ನಾಳೆ ಬೆಳಿಗ್ಗೆಯೇ.

"ಎಂತ ಮಾರಾಯ, ಆಯ್ತಾ?" ಯಂತ್ರದ ಹಿಂದಿನಿಂದ ಶೇಖರನ ದನಿ ಬಂತು. "ಆಗಾಕ ಬಂತ್ರೀ ಶೇಖರಣ್ಣ" ಎಂದ ಚೇತನ, ಕತ್ತು ತಿರುಗಿಸದೆ. ಬೈಕುಲ್ಲಾದ ಈ ಒಂದು ಕೋಣೆಯ ವರ್ಕ್‌ಶಾಪು ಶೇಖರನದು. ಅವನ ಅಣ್ಣನ ಹೋಟೆಲು ಗ್ರಾಂಟ್ ರೋಡಿನಲ್ಲಿ, ತಮ್ಮನಿಗೆ ಹಿಟ್ಟಿನ ವಾಸನೆ ಆಗದು, ಲೋಹದ ವಾಸನೆ ಆಗುತ್ತದೆ. ಯಂತ್ರವನ್ನು ತಾನೇ ನಡೆಸುತ್ತಾನೆ, ಚೇತನ ಬರೆದುಕೊಟ್ಟ ಪ್ರೋಗ್ರಾಮನ್ನು ಓದದೆ ಹಸಿರು ಗುಂಡಿ ಒತ್ತುತ್ತಾನೆ. ನಿನ್ನೆ ಚೇತನ ಫೋನಿಟ್ಟಾಗ ಅವನು ಅಲ್ಲೇ ಇದ್ದ. ಚಹಾ ತಂದವನಿಗೂ ಕೇಳುವಷ್ಟು ಜೋರಾಗಿ, "ನಮ್ಮ ಚೇತನ ಇಲ್ಲ ಅನ್ನುವ ಜನವೇ ಅಲ್ಲ" ಎಂದಿದ್ದ. ಆ ಮಾತು ಚೇತನನ ಬೆನ್ನಿನ ಮೇಲೆ ಈಗಲೂ ಕೈಯಿಟ್ಟ ಹಾಗೇ ಇತ್ತು. ಅವನು ದುಡಿಯುತ್ತಿದ್ದ ಭಾಂಡುಪಿನ ಕಾರ್ಖಾನೆ ಬಾಗಿಲು ಹಾಕಿದಾಗ ಅವನಿಗೆ ನಲವತ್ತೈದು ದಾಟಿತ್ತು. ಲೋಹ ಕಡೆಯುವ ಲೇತ್ ಯಂತ್ರ ಕೈಯಿಂದ ತಿರುಗಿಸುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಎಲ್ಲೆಲ್ಲಿ ಹೋದರೂ ಕಂಪ್ಯೂಟರ್ ಬರುತ್ತದೆಯೇ ಎಂದು ಕೇಳುತ್ತಿದ್ದರು, ಬರುತ್ತದೆ ಎಂದು ಹೇಳಿ ಕುಳಿತು ಮೌಸು ಹಿಡಿದು ಎಲ್ಲಿ ಒತ್ತಬೇಕೆಂದು ತಿಳಿಯದೆ ಎದ್ದು ಹಿಂದಿರುಗುತ್ತಿದ್ದ. ಶೇಖರ ಮಾತ್ರ ಹಾಗೆ ಕೇಳಲಿಲ್ಲ. ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕುಳಿತು, "ಇದೂ ಲೇತೇ ಮಾರಾಯ, ಮೈಗೆ ಎಣ್ಣೆ ಹಾರುವುದಿಲ್ಲ ಅಷ್ಟೇ" ಎಂದು ಒಂದು ಮಳೆಗಾಲವಿಡೀ ಕಲಿಸಿದ. ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗ ಚೇತನ ನೆನೆಯುವ ಹೆಸರುಗಳಲ್ಲಿ ಶೇಖರನದೂ ಒಂದಾಯಿತು. ಉಂಡ ಋಣ ದೊಡ್ಡದಾದಷ್ಟೂ "ಇಲ್ಲ" ಎಂಬ ಮಾತು ಗಂಟಲಿನಲ್ಲಿ ಸಣ್ಣದಾಗುತ್ತ ಹೋಗಿ, ಒಂದು ದಿನ ಹುಡುಕಿದರೆ ಅದು ಅಲ್ಲಿರಲೇ ಇಲ್ಲ. ಹಾಗೆ ನೋಡಿದರೆ ಆ ಮಾತು ಅದಕ್ಕೂ ಮೊದಲೇ, ಅವನು ಹುಡುಗನಾಗಿದ್ದಾಗಲೇ, ಹೋಗಿತ್ತು.

ಅವನು ಬೆಳೆದ ಆಂಟಾಪ್ ಹಿಲ್ಲಿನ ಕಾಲೊನಿಯಲ್ಲಿ ಶ್ರಾವಣ ಬಂತೆಂದರೆ ತಿಂಗಳಿಡೀ ಸಂಜೆ ಪುರಾಣ. ಓದುವವನು ಅಪ್ಪ, ಕಾಶಪ್ಪ. ಹಗಲಿಗೆ ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಗಂಟುಗಳ ಮೇಲೆ ನಂಬರು ಬರೆದು ಮಸಿಯಾದ ಬೆರಳುಗಳಿಂದಲೇ ಪುಟ ತಿರುವುತ್ತಿದ್ದ. ವಿಜಾಪುರದ ಕಡೆಯವರು, ಧಾರವಾಡದವರು, ಇತ್ತ ಉಡುಪಿಯ ಹೋಟೆಲಿನವರು ನಾಲ್ಕೈದು ಜನ, ಜಮಖಾನೆ ಹಾಸಿ ಕೂರುತ್ತಿದ್ದರು. ಚೇತನನನ್ನು ಅಪ್ಪ ತನ್ನ ಎದುರಿಗೇ ಕೂರಿಸಿಕೊಳ್ಳುತ್ತಿದ್ದ. ಪದ್ಯ ಮುಗಿದಲ್ಲಿ ಕೇಳುವವರು ಹೂಂಗುಟ್ಟಬೇಕು. ಆ ಹೂಂ ಶುರುಮಾಡುವ ಕೆಲಸ ಅವನದು. "ಕೇಳವ್ರು ಹೂಂ ಅನ್ನಲಿಲ್ಲಂದ್ರ ಓದವ್ಗ ಉಸರು ಸಿಗೂದಿಲ್ಲೋ ತಮ್ಮಾ" ಎನ್ನುತ್ತಿದ್ದ ಅಪ್ಪ. ಎಲ್ಲ ಸರಿಯಾಗಿಯೇ ಹೋಗುತ್ತಿತ್ತು, ಆ ಪದ್ಯ ಬರುವವರೆಗೆ. ತಾಯಿಯೊಬ್ಬಳು ಸತ್ತ ಮಗುವಿನ ತಲೆ ತೊಡೆಯ ಮೇಲಿಟ್ಟುಕೊಂಡು ದೇವರನ್ನು ಕೂಗುವ ಪದ್ಯ. ಅದರ ಮೂರನೆಯ ಸಾಲು ಮೇಲೆ ಮೇಲೆ ಏರುತ್ತ ಹೋಗುತ್ತದೆ. ಅಪ್ಪನ ದನಿ ಅಲ್ಲಿಗೆ ಏರುತ್ತಿರಲಿಲ್ಲ. ಪ್ರತಿ ವರ್ಷ ಅಲ್ಲಿಗೆ ಬಂದು ಅವನು ನಿಲ್ಲಿಸುತ್ತಿದ್ದ. ಟೋಪಿ ಸರಿಮಾಡಿಕೊಂಡು, ಪುಟದಿಂದ ಕಣ್ಣೆತ್ತಿ, "ಇಲ್ಲಿ ನನ್ನ ದನಿ ಮುಟ್ಟೂದಿಲ್ರಿ. ಪೇಟಿ ಹೇಳ್ತೈತಿ, ಕೇಳ್ರಿ" ಎನ್ನುತ್ತಿದ್ದ. ಪಕ್ಕದಲ್ಲಿ ಹಾರ್ಮೋನಿಯಂ ಪೇಟಿ ಹಿಡಿದು ಕುಳಿತವನು ಆ ಒಂದು ಸಾಲನ್ನು ಹಾಗೇ ನುಡಿಸುತ್ತಿದ್ದ, ಮಾತಿಲ್ಲದೆ. ಅಪ್ಪ ಕಣ್ಣುಮುಚ್ಚಿ ತಾನೂ ಕೇಳುವವರಲ್ಲಿ ಒಬ್ಬನಾಗಿ, ಸಾಲು ಮುಗಿದ ಮೇಲೆ ಕೆಳಗಿನ ಸಾಲಿನಿಂದ ಮತ್ತೆ ಹಿಡಿಯುತ್ತಿದ್ದ. ಒಂದು ಸಲ ಹಿಂಬದಿಯಲ್ಲಿ ಕುಳಿತಿದ್ದ ಯಾರೋ ಹೇಳಿದ್ದು ಇಷ್ಟು ವರ್ಷವಾದ ಮೇಲೂ ಅದೇ ಧಾಟಿಯಲ್ಲಿ ಕೇಳುತ್ತದೆ: "ಕಾಶಪ್ಪನ ಪುರಾಣದಾಗ ಮ್ಯಾಲಿನ ಮಜಲೀಗೆ ಲಿಫ್ಟ್ ಇಲ್ಲೋ ಮಾರಾಯಾ!" ಜಮಖಾನೆಯ ಆ ತುದಿಯಿಂದ ಈ ತುದಿಗೆ ನಗು ಹರಿಯಿತು. ಆ ಸಂಜೆ ಹೂಂ ಎನ್ನಬೇಕಾದ ಜಾಗದಲ್ಲಿ ಚೇತನನಿಗೆ ಬಾಯಿ ಬರಲಿಲ್ಲ. ಎಷ್ಟು ಸುಲಭವಿತ್ತು, ಅಪ್ಪ ಬೇರೆಯವರಂತೆ ಕೆಮ್ಮಿದ್ದರೆ, ಒಂದಿಷ್ಟು ಕೂಗಿಬಿಟ್ಟಿದ್ದರೆ, ಪೇಟಿಯ ಸದ್ದಿನ ಕೆಳಗೆ ದನಿ ಮುಚ್ಚಿಹೋಗುತ್ತಿತ್ತು. ಎಲ್ಲರೆದುರು ಯಾಕೆ ಹೇಳಬೇಕು, ಮುಟ್ಟುವುದಿಲ್ಲ ಎಂದು? ದೊಡ್ಡವನಾದ ಮೇಲೆ ತಾನು ಹಾಗಾಗಬಾರದು ಎಂದು ಅವನು ಅಂದುಕೊಂಡ. ಹಾಗೆ ಆಗಲಿಲ್ಲ ಕೂಡ.

ಕಟರುಗಳ ಪಟ್ಟಿ ತೆರೆದಿತ್ತು. ವರ್ಕ್‌ಶಾಪಿನಲ್ಲಿ ಯಾವ ಯಾವ ಕಟರ್ ಇದೆ, ಎಷ್ಟು ದಪ್ಪ, ಎಷ್ಟು ಉದ್ದ ಎಂದು ಅವನೇ ತುಂಬಿಟ್ಟ ಪಟ್ಟಿ. ಸಾಫ್ಟ್‌ವೇರಿಗೆ ಲೋಕವೆಂದರೆ ಆ ಪಟ್ಟಿಯೇ; ಡ್ರಾಯರು ಎಳೆದು ನೋಡುವ ಕೈ ಅದಕ್ಕಿಲ್ಲ. ಹೊಸದನ್ನು ಸೇರಿಸು ಎಂಬಲ್ಲಿ ಒತ್ತಿದ. ದಬ್ಬಳದಷ್ಟು ಸಪೂರ, ನಡುಬೆರಳಿಗಿಂತ ಉದ್ದ. ಹಾಗೊಂದು ಕಟರ್ ಈ ಕೋಣೆಯಲ್ಲಿರಲಿಲ್ಲ. ಇದ್ದಿದ್ದರೂ ಲೋಹಕ್ಕೆ ತಾಗಿದ ಕ್ಷಣ ಚಕ್ಕನೆ ಮುರಿಯುತ್ತಿತ್ತು. ಸಾಫ್ಟ್‌ವೇರು ಯಾಕೆ ಎಂದು ಕೇಳಲಿಲ್ಲ, ತೋರಿಸು ಎನ್ನಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿತು. ಇಲ್ಲದ ಕಟರು ಪರದೆಯ ಮೇಲೆ ಮೂಲೆ ಮೂಲೆಗೂ ಇಳಿದು ಬಂತು, ಕೆಂಪು ಕಣ್ಣಿಗೆ ಬೀಳದಷ್ಟಾಯಿತು, ಪೆಟ್ಟಿಗೆ ಪೂರ್ತಿ ಹಸಿರಾಯಿತು. ಗೆದ್ದ ಹಾಗೆ ಅನ್ನಿಸಬೇಕಿತ್ತು. ಅನ್ನಿಸಿದ್ದು ಬೇರೆ: ಕುರುಡನ ಕೈಗೆ ಸವಕಲು ನಾಣ್ಯವಿಟ್ಟು ರಸ್ತೆ ದಾಟಿದ ಹಾಗೆ. ಅಷ್ಟು ನಂಬುವ ಒಂದು ವಸ್ತುವನ್ನು ಅವನು ಜೀವನದಲ್ಲಿ ನೋಡಿರಲಿಲ್ಲ, ಶೇಖರನನ್ನು ಬಿಟ್ಟರೆ. ಸಂಜೆಯವರೆಗೆ ಏನಾದರೂ ಆಗುತ್ತದೆ, ತಾನೇ ಅರ ಹಿಡಿದು ಮೂಲೆ ತೀಡುತ್ತೇನೆ, ಅಷ್ಟು ಆಳಕ್ಕೆ ಅರ ಹೋಗದಿದ್ದರೆ ಬೇರೇನೋ ಮಾಡುತ್ತೇನೆ. ಹೀಗೆ ತಲೆಯೊಳಗೆ ಒಂದರ ಹಿಂದೆ ಒಂದು ಸುಳ್ಳು ಹಸಿರು ಹೊತ್ತಿಕೊಳ್ಳುತ್ತಿರುವಾಗ ಶೇಖರ "ಕಳಿಸಿದ್ಯಾ?" ಎಂದ. ಚೇತನ "ಹೂಂ" ಎಂದ, ಆಮೇಲೆ ಪ್ರೋಗ್ರಾಮನ್ನು ಯಂತ್ರಕ್ಕೆ ಕಳಿಸಿದ.

ಹೊರಗೆ ಕೈಗಾಡಿಯವರು ಯಾರದೋ ಟೆಂಪೋಗೆ ಬೈಯುತ್ತಿದ್ದರು. ಡ್ರಾಯರು ತೆರೆಯುವ ಸದ್ದು, ಮುಚ್ಚುವ ಸದ್ದು, ಮತ್ತೆ ತೆರೆಯುವ ಸದ್ದು. ಶೇಖರ ಒಂದೊಂದೇ ಕಟರ್ ತೆಗೆದು ಯಂತ್ರಕ್ಕೆ ಏರಿಸುತ್ತಿದ್ದ. ಚೇತನ ಪ್ರತಿ ಸದ್ದನ್ನೂ ಎಣಿಸುತ್ತಿದ್ದ. ಹುಡುಕಿ ಸಿಗದೆ, ಇದೇ ಇರಬೇಕು ಎಂದು ಶೇಖರ ಒಂದು ದಪ್ಪ ಕಟರ್ ಹಾಕಿಬಿಟ್ಟರೆ? ಸಪೂರವೆಂದು ನಂಬಿದ ಯಂತ್ರ ಅದನ್ನು ಮೂಲೆಯವರೆಗೂ ಒಯ್ಯುತ್ತದೆ, ಗೋಡೆ ಕಿತ್ತುಹೋಗುತ್ತದೆ. ನಾಳೆ ಬೆಳಿಗ್ಗೆ ಆ ಹುಡುಗಿ ಆಸ್ಪತ್ರೆಯ ಬಾಗಿಲಲ್ಲಿ ಬರಿಗೈಯಲ್ಲಿ ನಿಲ್ಲುತ್ತಾಳೆ. ಎಳೆಯ ಕೂಸುಗಳು ಸಾಲಾಗಿ ಮಲಗಿದ್ದು, ಯಾವುದಕ್ಕೆ ಕೇಳುತ್ತದೆ ಯಾವುದಕ್ಕೆ ಇಲ್ಲ ಎಂದು ಯಾರಿಗೂ ತಿಳಿಯದೆ ಇದ್ದದ್ದು ಅವನ ಕಣ್ಣಿಗೆ ಕಟ್ಟಿತು.

"ಚೇತನ, ಈ ಕೊನೇ ಟೂಲ್ ಎಲ್ಲುಂಟು ಮಾರಾಯ? ಡ್ರಾಯರಲ್ಲಿ ಕಾಣ್ತಾ ಇಲ್ಲ."

ಅವನು ಎದ್ದು ನಿಂತ. ಕುಳಿತು ಹೇಳುವ ಮಾತಲ್ಲ ಎಂದು ಮೈಗೇ ಗೊತ್ತಾಗಿತ್ತು. "ಅದು ಇಲ್ರೀ ಶೇಖರಣ್ಣ."

"ಇಲ್ಲ ಅಂದ್ರೆ? ಯಾರಿಗಾದ್ರೂ ಕೊಟ್ಯಾ?"

"ಮೊದಲಿಂದನ ಇಲ್ರಿ. ನಾನಽ ಬರದೀನಿ. ಇಲ್ಲದ್ದನ್ನ ಐತಿ ಅಂತ ಬರದೀನಿ."

ಶೇಖರ ಕೈಯಲ್ಲಿದ್ದ ಚಿಂದಿ ಬಟ್ಟೆಯಿಂದ ಬೆರಳು ಒರೆಸಿಕೊಂಡ, ಒಂದೊಂದಾಗಿ, ನಿಧಾನವಾಗಿ. "ಕಂಪ್ಯೂಟರಿಗೆ ಸುಳ್ಳು ಹೇಳಿದ್ಯಾ?"

"ಹೂಂ ರೀ."

"ಅದು ನಂಬಿತಾ?"

"ನಂಬ್ತು."

"ಪಾಪ" ಎಂದ ಶೇಖರ. ಯಾರನ್ನು ಕುರಿತು ಎಂದು ಚೇತನನಿಗೆ ತಿಳಿಯಲಿಲ್ಲ. "ನಾನೂ ನಂಬಿ ಗುಂಡಿ ಒತ್ತುವುದರಲ್ಲಿದ್ದೆ ಮಾರಾಯ. ನಿನಗೆ ಆಗದಿದ್ರೆ ಆಗೂದಿಲ್ಲ ಅಂತ ಹೇಳ್ಲಿಕ್ಕೆ ಎಂತ ಧಾಡಿ? ನಾನೇನು ನುಂಗ್ತೇನಾ?"

"ನೀವು ನಿನ್ನೆ ಹೇಳಿದ್ರಲ್ರಿ, ಚೇತನ ಇಲ್ಲ ಅನ್ನೂದಿಲ್ಲ ಅಂತ."

"ಅಯ್ಯೋ ದೇವರೇ! ಅದು ನಾನು ಚಹಾದವನ ಎದುರು ಬಡಾಯಿ ಕೊಚ್ಚಿದ್ದು. ಅದಕ್ಕೆ ನೀನು ಇಲ್ಲದ ಟೂಲ್ ಹುಟ್ಟಿಸ್ತೀಯಾ?" ಅಂದವನು, ನಗು ಬಂದರೂ ನಗದೆ, ಫೋನನ್ನು ಎತ್ತಿ ಕೊಟ್ಟ. "ಆ ಹುಡುಗಿಗೆ ನೀನೇ ಮಾಡು. ಆಗತೈತಿ ಅಂದದ್ದೂ ನೀನೇ ಅಲ್ವಾ."

ಫೋನ್ ರಿಂಗಾಗುತ್ತಿರುವಷ್ಟು ಹೊತ್ತು ಅವನು ಪೂರ್ತಿ ಹಸಿರಾದ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಎಷ್ಟು ಚೆಂದವಿತ್ತು. ಕಾಲೊನಿಗೆ ಒಂದು ವರ್ಷ ಹೊರಗಿನಿಂದ ಪುರಾಣಿಕನೊಬ್ಬನನ್ನು ಕರೆಸಿದ್ದರು. ಅವನು ಆ ಮೂರನೆಯ ಸಾಲನ್ನು ಕುತ್ತಿಗೆಯ ನರ ಉಬ್ಬಿಸಿ ಕೂಗಿದ, ದನಿ ಒಡೆದು ಸೀಳಿತು, ತಾಯಿಯ ಅಳು ಎಲ್ಲೋ ಹೋಯಿತು, ಜನ ಚಪ್ಪಾಳೆ ತಟ್ಟಿದರು. ಅಪ್ಪ ಜಮಖಾನೆಯ ಕೊನೆಯಲ್ಲಿ ಕುಳಿತು ತಲೆ ತಗ್ಗಿಸಿದ್ದ. ಅಪ್ಪನಿಗೆ ಹೊಟ್ಟೆಕಿಚ್ಚು ಎಂದು ಅಂದು ಅವನಿಗೆ ಅನ್ನಿಸಿತ್ತು.

"ಹಾಂ ಅಂಕಲ್, ಬೋಲಿಯೇ. ಹೋ ಗಯಾ?" ಜ್ಯೋತ್ಸ್ನಾ. ಅವಳ ತಂದೆ ಧಾರವಾಡದವರು. ಮನೆಯಲ್ಲಿ ಕೇಳಿ ಬಂದ ಕನ್ನಡ, ನಡುನಡುವೆ ಕಾಲು ಜಾರುತ್ತದೆ.

"ಇಲ್ಲ ತಂಗೀ" ಎಂದ ಚೇತನ. ಮಾತು ಹೊರಗೆ ಬಂದದ್ದನ್ನು ತಾನೇ ಕೇಳಿಸಿಕೊಂಡ; ಅಷ್ಟೇನೂ ದೊಡ್ಡ ಸದ್ದಾಗಲಿಲ್ಲ. "ನಿನ್ನೆ ಆಗತೈತಿ ಅಂದಿದ್ದೆ, ತಪ್ಪು ಹೇಳಿದೆ. ನಮ್ಮ ಟೂಲ್ ಆ ಮೂಲೀಗೆ ಮುಟ್ಟೂದಿಲ್ಲ. ಎಲ್ಲಾ ಕಡೆ ಆಗತೈತಿ, ಮೂಲ್ಯಾಗ ದುಂಡಗ ಉಳಿತೈತಿ."

ಅವಳು ಬೈದರೆ ಬೈಯಲಿ ಎಂದು ಅವನು ಕಾದ. ಆಮೇಲೆ, ನಿನ್ನೆಯೇ ಕೇಳಬೇಕಾಗಿದ್ದ, ಕೇಳದೇ ಇದ್ದ ಒಂದು ಮಾತನ್ನು ಕೇಳಿದ. "ಆ ಮೂಲ್ಯಾಗ ಏನ್ ಕುಂಡ್ರತೈತಿ ತಂಗೀ?"

"ಬೋರ್ಡ್ ಅಂಕಲ್. ಬೋರ್ಡ್ ಚೌಕ ಇದೆ ನಾ, ಅದರ ಕೋನಾ ಗೋಡೆಗೆ ಸಿಕ್ಕಿ ಅಟಕಬಾರ್ದು. ಅದಕ್ಕೇ ಶಾರ್ಪ್ ಹಾಕ್ದೆ ನಾನು."

"ಅಟಕಬಾರ್ದು. ಅಷ್ಟಽ?"

"ಅಷ್ಟೇ. ಗೋಡೆ ಹೇಗಿದ್ರೂ ಚಲೇಗಾ. ಯಾಕೆ?"

"ಹಂಗಾದ್ರ ಮೂಲಿ ಚೌಕ ಆಗೂದು ಬ್ಯಾಡ" ಎಂದ ಚೇತನ, ನಿಧಾನವಾಗಿ, ತಾನೂ ಆಗ ತಾನೇ ಕೇಳುತ್ತಿರುವವನ ಹಾಗೆ. "ಖಾಲಿ ಇದ್ರ ಸಾಕು."

ಪೆನ್ಸಿಲ್ ದಪ್ಪದ ಅದೇ ಕಟರನ್ನು ಮೂಲೆಯಲ್ಲಿ ನಿಲ್ಲಿಸದೆ ಇನ್ನೊಂದಿಷ್ಟು ಆಚೆಗೆ, ಗೋಡೆಯೊಳಕ್ಕೆ, ಕಳಿಸುವುದು. ಮೂಲೆ ಚೌಕವಾಗುವುದಿಲ್ಲ, ಅಲ್ಲೊಂದು ದುಂಡನೆಯ ಗೂಡಾಗುತ್ತದೆ. ಹಲಗೆಯ ಚೂಪು ಮೂಲೆ ಆ ಗೂಡಿನ ಬಯಲಿನಲ್ಲಿ, ಯಾವುದಕ್ಕೂ ತಾಗದೆ, ಕೂರುತ್ತದೆ. ಗೋಡೆ ದಪ್ಪವಿದೆ, ತಡೆಯುತ್ತದೆ. ಕಾರ್ಖಾನೆಗಳಲ್ಲಿ ಹಾಗೆ ಮಾಡುವುದು ಹೊಸದೇನಲ್ಲ, ಅವನೂ ನೋಡಿದ್ದ. ಆದರೆ ಸಾಫ್ಟ್‌ವೇರು ತಾನಾಗಿ ಹಾಗೆ ಮಾಡಿರಲಿಲ್ಲ; ಅವಳು ಗೀಚಿದ ಗೆರೆಯ ಆಚೆ ಒಂದು ಕೂದಲಷ್ಟೂ ಹೋಗಬಾರದೆಂದು ಅದು ನಿಂತಿತ್ತು. ಗೆರೆ ಅವಳದು. ದಾಟಬಹುದೋ ಎಂದು ಅವಳನ್ನೇ ಕೇಳಬೇಕು, ಕೇಳಬೇಕಾದರೆ ಮೊದಲು ಆಗುವುದಿಲ್ಲ ಎನ್ನಬೇಕು. ಅವನು ಇದನ್ನೆಲ್ಲ ತಡವರಿಸುತ್ತ ವಿವರಿಸಿದ. ಮೂಲೆ ನೋಡುವುದಕ್ಕೆ ಕಿವಿಯ ಹಾಗೆ ಕಾಣುತ್ತದೆ, ಅಷ್ಟೇ ತೊಂದರೆ ಎಂದ.

"ಕಿವಿ?" ಜ್ಯೋತ್ಸ್ನಾ ಜೋರಾಗಿ ನಕ್ಕಳು. "ಕಾನ್ ಟೆಸ್ಟ್ ಡಬ್ಬೀಗೆ ಕಾನ್! ಮಾಡಿ ಅಂಕಲ್, ಪಕ್ಕಾ ಮಾಡಿ." ಆಮೇಲೆ ನಗು ನಿಲ್ಲಿಸಿ, "ಥ್ಯಾಂಕ್ಯೂ ಅಂಕಲ್. ಕಳೆದ ಸಲ ಬೇರೆ ಒಬ್ಬರು ಹೋ ಜಾಯೇಗಾ ಹೋ ಜಾಯೇಗಾ ಅಂದ್ರು. ಡಬ್ಬಿ ಕೈಗೆ ಬಂದ್ಮೇಲೆ ಬೋರ್ಡ್ ಒಳಗೆ ಹೋಗ್ಲಿಲ್ಲ. ನಾನು ಅಲ್ಲೇ ರಸ್ತೆಯಲ್ಲಿ ನಿಂತು ಅತ್ತೆ" ಎಂದಳು.

ಫೋನಿಟ್ಟು ಅವನು ಕುರ್ಚಿಗೆ ಹಿಂದಿರುಗಿದ. ಪಟ್ಟಿಯಲ್ಲಿ ಆ ಇಲ್ಲದ ಕಟರನ್ನು ಹುಡುಕಿ ಅಳಿಸಿದ. ಅಳಿಸಿದೊಡನೆ ನಾಲ್ಕೂ ಮೂಲೆಗಳಲ್ಲಿ ಕೆಂಪು ಮರಳಿ ಬಂತು, ಮುನಿಸಿಲ್ಲದೆ, ಬಿಟ್ಟು ಹೋದ ಜಾಗಕ್ಕೇ. ಇಲ್ಲಿ ನನ್ನ ದನಿ ಮುಟ್ಟೂದಿಲ್ರಿ. ಚೇತನ ಅದನ್ನು ನೋಡುತ್ತ ಕುಳಿತ. ಕಣ್ಣು ಮಂಜಾಗಿದ್ದಕ್ಕೆ ಪರದೆಯ ಬೆಳಕೇ ಕಾರಣ ಎಂದುಕೊಳ್ಳಬಹುದಿತ್ತು, ಹಾಗೆ ಅಂದುಕೊಳ್ಳಲಿಲ್ಲ. ಅಪ್ಪ ಪ್ರತಿ ವರ್ಷ ಅಷ್ಟು ಜನರೆದುರು ಅದೊಂದು ಜಾಗಕ್ಕೆ ಬಣ್ಣ ಹಚ್ಚಿಡುತ್ತಿದ್ದ. ಕೂಗಿ ಕೆಡಿಸಿರಲಿಲ್ಲ. ಹಾರಿಸಿ ಮುಂದೆ ಹೋಗಿರಲೂ ಇಲ್ಲ. ಆ ತಾಯಿ ಎಷ್ಟು ಎತ್ತರಕ್ಕೆ ಅತ್ತಳೋ ಅಷ್ಟು ಎತ್ತರವನ್ನು ಖಾಲಿ ಬಿಟ್ಟು, ಬನ್ನಿ, ಇಲ್ಲಿ ನೀವು ಕೂತುಕೊಳ್ಳಿ ಎಂದು ಕೇಳುವವರಿಗೆ ಜಾಗ ಮಾಡಿದ್ದ. ನಗುವವರು ನಕ್ಕಿದ್ದರು. ಆದರೆ ಪೇಟಿ ಒಂದೇ ನುಡಿಯುವಾಗ ಜಮಖಾನೆಯ ಮೇಲೆ ಹೆಂಗಸರು ಸೆರಗಿನ ತುದಿ ಕಣ್ಣಿಗೊತ್ತಿಕೊಳ್ಳುತ್ತಿದ್ದದ್ದೂ ಅವನು ನೋಡಿದ್ದೇ. ಇಷ್ಟು ವರ್ಷ ಅದರ ಮೇಲೆ ಆ ನಗು ಕುಳಿತಿತ್ತು.

ಹೊಸ ದಾರಿ ಬರೆದು ಕಳಿಸಿದ ಮೇಲೆ ಶೇಖರ ಈ ಸಲ ಗುಂಡಿ ಒತ್ತುವ ಮೊದಲು ಪಟ್ಟಿ ಹಿಡಿದು ಬಂದ. "ಇದೆಲ್ಲ ಉಂಟು ತಾನೇ? ಆಣೆ ಮಾಡು" ಎಂದು ಕಾಡಿಸಿ, ಹಸಿರು ಒತ್ತಿದ. ಕಟರನ್ನು ತಣಿಸುವ ಹಾಲಿನಂಥ ನೀರು ಚಿಮ್ಮಿ ಯಂತ್ರದ ಗಾಜು ಮುಚ್ಚಿತು. ಸಂಜೆಯ ಹೊತ್ತಿಗೆ ಜ್ಯೋತ್ಸ್ನಾ ತಾನೇ ಬಂದಳು, ಬ್ಯಾಗಿನಿಂದ ಹಲಗೆ ತೆಗೆದು ಪೆಟ್ಟಿಗೆಯ ಬಾಯಲ್ಲಿಟ್ಟು ಕೈಬಿಟ್ಟಳು. ಒಂದು ಉಸಿರಿನಷ್ಟು ಸದ್ದು ಮಾಡಿ ಅದು ತಳಕ್ಕೆ ಇಳಿದು ಕೂತಿತು. ಶೇಖರ ಚಹಾದವನಿಗೆ ಕೂಗಿದ, "ನಾಲ್ಕು ಕೊಡಾ, ನೀನೂ ಒಂದು ಕುಡಿ. ನಮ್ಮ ಚೇತನ ಇವತ್ತು ಇಲ್ಲ ಅಂದ ಮಾರಾಯ!"

ಚೇತನ ಲೋಕಲ್ ರೈಲಿನಲ್ಲಿ ಸಾಯನ್‌ವರೆಗೆ ನಿಂತೇ ಬಂದ. ಯಾರದೋ ಮೊಣಕೈ ಪಕ್ಕೆಗೆ ಒತ್ತುತ್ತಿತ್ತು, ಅದೂ ಹಿತವಾಗಿತ್ತು. ಶ್ರಾವಣದ ನಡುವಿನ ದಿನಗಳು. ಆಂಟಾಪ್ ಹಿಲ್ಲಿನ ಕಾಲೊನಿಯ ಸಭಾಗೃಹದಲ್ಲಿ ಆಗಲೇ ಪುರಾಣ ನಡೆದಿತ್ತು. ಅಪ್ಪನ ಜಾಗದಲ್ಲಿ ಈಗ ಓದುವವಳು ರುದ್ರವ್ವ, ಗಂಟೆ ಬಾರಿಸಿದಂಥ ಕಂಠ, ಮುಂದೆ ಮೈಕು. ಚೇತನ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಒರಗಿದ್ದ ಅವ್ವನ ಪಕ್ಕದಲ್ಲಿ ಕುಳಿತ. ತಾಯಿಯ ಪದ್ಯ ಶುರುವಾಯಿತು. ಒಂದನೆಯ ಸಾಲು, ಎರಡನೆಯದು. ಮೂರನೆಯದನ್ನು ರುದ್ರವ್ವ ಎಳ್ಳಷ್ಟೂ ಕಷ್ಟವಿಲ್ಲದೆ ಹಿಡಿದು ಮೇಲಕ್ಕೆ, ಇನ್ನೂ ಮೇಲಕ್ಕೆ ಏರಿದಳು. ಪೂರ್ತಿ, ಶುದ್ಧ, ಎಲ್ಲೂ ಬಿರುಕಿಲ್ಲ.

"ನಿಮ್ಮಪ್ಪ ಇಲ್ಲೇ ನಿಂದರ್ತಿದ್ದ" ಎಂದಳು ಚನ್ನವ್ವ, ಅವನ ಕಡೆ ನೋಡದೆ.

ಸಾಲು ಮುಗಿಯಿತು, ಪದ್ಯ ಮುಗಿಯಿತು. ಕುಳಿತ ಜನವೆಲ್ಲ ಒಟ್ಟಿಗೆ ಹೂಂ ಎಂದರು. ಚೇತನ ಅವರೊಡನೆ ಅನ್ನಲಿಲ್ಲ. ಅವರೆಲ್ಲ ಅಂದು ಮುಗಿದ ಮೇಲೆ, ಮುಂದಿನ ಪದ್ಯಕ್ಕೆ ರುದ್ರವ್ವ ಇನ್ನೂ ಬಾಯಿ ತೆರೆಯುವ ಮೊದಲು, ಪೇಟಿಯ ಒಂದೇ ಸ್ವರ ಉಳಿದಿದ್ದ ಆ ಖಾಲಿಯಲ್ಲಿ, ಅಂದು ಅಪ್ಪನಿಗೆ ಅನ್ನದೆ ಉಳಿದಿದ್ದ ಹೂಂ ಅನ್ನು ಅವನು ಈಗ ಅಂದ. ಮುಂದೆ ಕುಳಿತವರು ಒಬ್ಬಿಬ್ಬರು ತಿರುಗಿ ನೋಡಿದರು.